ಗ್ರೇವಿ ಬಿಟ್ಟ ಎಣ್ಣೆಗಾಯಿ ಮತ್ತು ಕುಮಾರ ಗಂಧರ್ವರ ಹಾಡು

ಹೋಟೆಲಿನ ಅಡುಗೆಮನೆಯಲ್ಲಿ ಬೆಳಿಗ್ಗೆ ಮೊದಲು ಒಲೆ ಏರುವುದು ಬೇಸ್ ಗ್ರೇವಿ. ಈರುಳ್ಳಿ-ಟೊಮೇಟೊದ್ದೊಂದು, ಗೋಡಂಬಿಯದ್ದೊಂದು, ಬೆಣ್ಣೆ-ಟೊಮೇಟೊದ ಮಖನಿ ಒಂದು. ರಾತ್ರಿವರೆಗೆ ಬರುವ ಬಹುಪಾಲು ಕೆಓಟಿಗಳು (ಗಿರಾಕಿಗಳ ಆರ್ಡರ್ ಚೀಟಿಗಳು) ಇವುಗಳಲ್ಲೇ ಮುಗಿದುಹೋಗುತ್ತವೆ. ಕೆಲಸ ಬೇಗ ಸಾಗುತ್ತದೆ, ರುಚಿ ದಿನವೂ ಒಂದೇ ಥರ ಇರುತ್ತದೆ, ಒಪ್ಪುತ್ತೇನೆ. ಆದರೆ ನಮ್ಮೂರ ಬದನೆಕಾಯಿ ಎಣ್ಣೆಗಾಯಿಯೂ ಅದೇ ಗೋಡಂಬಿ ಗ್ರೇವಿಯಲ್ಲಿ ಮುಳುಗಿ ಹೊರಗೆ ಹೋಗುವುದನ್ನು ನೋಡಲು ಬೆಳಗಾವಿ ಕಡೆಯವನಾದ ನನ್ನಿಂದ ಆಗಲಿಲ್ಲ. ಅದನ್ನು ಬದಲಿಸುವ ಧೈರ್ಯ, ದಾರಿ ಎರಡೂ ನನಗೆ ಸಿಕ್ಕಿದ್ದು ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರಿಂದ.

1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಅವರ ಮೊದಲ ಹೆಸರು ಶಿವಪುತ್ರ, ಚಿಕ್ಕಂದಿನಲ್ಲೇ ದೊಡ್ಡ ದೊಡ್ಡ ಗಾಯಕರ ಹಾಡನ್ನು ಕೇಳಿ ಅದರಂತೆಯೇ ಹಾಡಿ ತೋರಿಸುತ್ತಿದ್ದ ಹುಡುಗ. ಅದನ್ನೇ ಮುಂದುವರಿಸಿದ್ದರೂ ಹೆಸರು ಬರುತ್ತಿತ್ತು. ಆದರೆ ಕ್ಷಯ ಬಂತು. 1948ರಲ್ಲಿ ಒಣಹವೆಗಾಗಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹಾಡಬಾರದೆಂದು ವೈದ್ಯರು ಹೇಳಿದ್ದ ಆ ವರ್ಷಗಳಲ್ಲಿ ಹಾಸಿಗೆಯಲ್ಲಿ ಮಲಗಿಯೇ ಆ ಕಡೆಯ ಮಾಳವಾ ಪ್ರದೇಶದ ಜನಪದ ಹಾಡುಗಳಿಗೆ ಕಿವಿಗೊಟ್ಟರು. ಎದ್ದ ಮೇಲೆ ಯಾವ ಘರಾಣೆಗೂ, ಅಂದರೆ ಯಾವ ಗುರುಪರಂಪರೆಯ ಶೈಲಿಗೂ ಕಟ್ಟುಬೀಳದೆ, ಆ ಧಾಟಿಗಳಿಂದಲೇ ಹೊಸ ರಾಗ ಕಟ್ಟಿದರು. ಧುನ್‌ಉಗಮ ರಾಗ, ಅಂದರೆ ಜನಪದ ಧಾಟಿಯಿಂದ ಹುಟ್ಟಿದ ರಾಗ ಎಂದು ಕರೆದರು. ರಾಗದ ಬೇರು ಜನಪದದಲ್ಲಿದೆ ಎನ್ನುವುದು ಅವರ ನಂಬಿಕೆ. ನನ್ನ ಕಣ್ಣಿಗೆ ದೊಡ್ಡ ಬಂಡಾಯ ಇದೇ. ನಿಯಮವನ್ನು ಒದ್ದು ಹೊರಗೆ ಹೋಗಲಿಲ್ಲ, ನಿಯಮ ಹುಟ್ಟಿದ ಜಾಗಕ್ಕೇ ಹೋಗಿ ಕೂತರು.

ಪ್ರೆಪ್ ಹೊತ್ತಿನಲ್ಲಿ, ಅಂದರೆ ಅಡುಗೆಗೆ ತಯಾರಿ ನಡೆಯುವಾಗ, ನಮ್ಮಲ್ಲಿ ಅವರ ಹಾಡು ಇರುತ್ತದೆ. ಸರ್ವಿಸ್ ಶುರುವಾದರೆ ಬಂದ್, ಕೆಓಟಿ ಕೂಗುವುದು ಕೇಳಿಸಬೇಕಲ್ಲ. ಒಂದು ದಿನ ಶೇಂಗಾ ಹುರಿಯುತ್ತಿದ್ದ ಕಮಿ (ಕಿರಿಯ ಅಡುಗೆಯವ) ಹುಡುಗ ಕೇಳಿದ: "ಶೆಫ್, ಇವರು ನಡುನಡುವೆ ಹಂಗ ಯಾಕ ನಿಂದರ್ತಾರ?" ಒಳ್ಳೆಯ ಪ್ರಶ್ನೆ. ಉದ್ದುದ್ದ ಆಲಾಪದ ಬದಲು ಚಿಕ್ಕ ಚಿಕ್ಕ ತುಣುಕು, ನಡುವೆ ಬಿಡುವು. ಕಾಯಿಲೆಯ ಶ್ವಾಸಕೋಶದಿಂದಾಗಿ ಹಾಗೆ ಹಾಡಿದರು ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಆ ಬಿಡುವಿನಲ್ಲೇ ಹಿಂದಿನ ಸ್ವರ ಮನಸ್ಸಿಗೆ ಇಳಿಯುತ್ತದೆ.

ಎಣ್ಣೆಗಾಯಿಗೆ ಅದನ್ನೇ ತಂದೆ. ಮಿಕ್ಸರಿನಲ್ಲಿ ನುಣ್ಣಗೆ ರುಬ್ಬುವುದನ್ನು ನಿಲ್ಲಿಸಿದೆ. ಶೇಂಗಾ, ಗುರೆಳ್ಳು (ಹುಚ್ಚೆಳ್ಳು), ಎಳ್ಳು, ಒಣಕೊಬ್ಬರಿ ಒಂದೊಂದನ್ನೂ ಬೇರೆಯಾಗಿ ಹುರಿದು, ಗುರೆಳ್ಳು ಚಟಪಟ ಅನ್ನುತ್ತಲೇ ಇಳಿಸಿ, ತರಿತರಿಯಾಗಿ ಕುಟ್ಟಿ, ಮಸಾಲೆ ಖಾರ, ಹುಣಸೆ, ಬೆಲ್ಲ ಕಲಸಿ, ತೊಟ್ಟು ಉಳಿಸಿ ನಾಲ್ಕಾಗಿ ಸೀಳಿದ ಎಳೆ ಬದನೆಗೆ ತುಂಬಿದೆವು. ಎಣ್ಣೆ ಮೇಲೆ ತೇಲುವವರೆಗೆ ಸಣ್ಣ ಉರಿ. ಗ್ರೇವಿ ಇಲ್ಲ. ನುಣ್ಣಗಿದ್ದಾಗ ಬಾಯಿಗೆ ಒಂದೇ ರುಚಿ ಬರುತ್ತಿತ್ತು. ಈಗ ಮೊದಲು ಶೇಂಗಾ, ಆಮೇಲೆ ಗುರೆಳ್ಳಿನ ಸಣ್ಣ ಕಹಿ, ಕೊನೆಗೆ ಹುಣಸೆ-ಬೆಲ್ಲ. ನಡುವೆ ಜಾಗವಿದೆ. ಮ್ಯಾನೇಜರ್ ಒಪ್ಪಲಿಲ್ಲ, ಗಿರಾಕಿಗಳಿಗೆ ಒಣ ಅನ್ನಿಸುತ್ತದೆ ಎಂದರು. ನಾನು ವಾದ ಮಾಡಲಿಲ್ಲ, ಬಿಸಿ ಜೋಳದ ರೊಟ್ಟಿಯ ಜೊತೆ ತಟ್ಟೆ ತಂದು ಮುಂದಿಟ್ಟೆ. ಮೆನುವಿನಲ್ಲಿ ಉಳಿಯಿತು.

ಕುಮಾರರು ಗೀತ ವರ್ಷಾ, ಗೀತ ಹೇಮಂತ, ಗೀತ ವಸಂತ ಎಂದು ಋತುವಿಗೊಂದು ಕಾರ್ಯಕ್ರಮ ಕಟ್ಟಿದ್ದರು. ಇದು ಹೊಳೆದ ಮೇಲೆ ನಮ್ಮ ಮೆನುವಿನ ಒಂದು ಸಾಲನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸದೆ ಖಾಲಿ ಬಿಡಿಸಿದೆ. ಎಳೆ ಜೋಳ ಸಿಗುವ ಚಳಿಗಾಲದ ಆ ಕೆಲವೇ ವಾರ ಅಲ್ಲಿ ಸೀತನಿ (ಸುಟ್ಟ ಎಳೆ ಜೋಳದ ಕಾಳು), ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಸೀತನಿ ಮುಗಿದ ಮೇಲೆ ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನುತ್ತೇವೆ. ಫ್ರೀಜರ್‌ನಲ್ಲಿ ಇಟ್ಟುಕೊಳ್ಳಬಾರದೇ ಎಂದು ಮೇಲಿನವರು ಆಗಾಗ ಕೇಳುತ್ತಾರೆ, ಇದೊಂದು ವಿಷಯದಲ್ಲಿ ನಾನು ಜಗ್ಗಿಲ್ಲ. ಮಳೆಗಾಲಕ್ಕೆ ಏನು ಬರೆಯಬೇಕು ಅನ್ನುವುದನ್ನು ಈ ಸಲ ಆ ಕಮಿ ಹುಡುಗನಿಗೇ ಬಿಟ್ಟಿದ್ದೇನೆ. ಅವನು ಪುಂಡಿ ಪಲ್ಯ ಅಂತಿದ್ದಾನೆ, ಜೋಳದ ನುಚ್ಚು ಹಾಕಿ.