ಹಿರಿಸಾವೆಯ ಗಿರಣಿಯಲ್ಲಿ ಎರಡು ಗಂಟೆ

9 ಮಾರ್ಚ್ 2025, ಭಾನುವಾರ
ಹಾಸನ, ರಾತ್ರಿ ಹತ್ತೂವರೆ

ಒಂದು ಗಂಟೆಯ ಊಟಕ್ಕೆ ಬರುತ್ತೇನೆಂದು ಹೇಳಿದ್ದವನು ದೊಡ್ಡಮ್ಮನ ಮನೆ ಮುಟ್ಟಿದಾಗ ನಾಲ್ಕು ಗಂಟೆ. ಎಲೆ ಎತ್ತಿ, ಗೋಮಯ ಬಳಿದು, ಎಲ್ಲರೂ ಒಂದು ನಿದ್ದೆ ತೆಗೆದಿದ್ದರು. "ಚೆನ್ನಾಗಿದ್ದ ಪೆಟ್ರೋಲ್ ಗಾಡಿ ಮಾರಿದೆಯಲ್ಲ, ಅನುಭವಿಸು" ಎಂದು ಅಣ್ಣ ಬಾಗಿಲಲ್ಲೇ ಆರತಿ ಎತ್ತಿದ.

ಲೆಕ್ಕ ತಪ್ಪಿದ್ದು ನನ್ನದೇ. ನನ್ನ ಎಲೆಕ್ಟ್ರಿಕ್ ಬೈಕಿನ ಬ್ಯಾಟರಿ ಹತ್ತು ಯೂನಿಟ್ಟಿನದು. ಕಾಗದದ ಮೇಲಿನ ದೂರವನ್ನು ನಂಬುವ ವಯಸ್ಸು ನನಗೆ ದಾಟಿದೆ, ಆದರೂ ಬೆಂಗಳೂರಿನಿಂದ ಹಾಸನಕ್ಕೆ 185 ಕಿಲೋಮೀಟರ್, ನಡುವೆ ಒಂದು ಕಡೆ ಚಾರ್ಜ್ ಮಾಡಿದರೆ ಸಾಕು ಎಂದುಕೊಂಡಿದ್ದೆ. ನೆಲಮಂಗಲ ದಾಟಿದ ಮೇಲೆ ರಸ್ತೆ ಖಾಲಿ ಕಂಡಿತು, ಕೈ ಸುಮ್ಮನಿರಲಿಲ್ಲ. ತೊಂಬತ್ತರ ಮೇಲೆ ಓಡಿಸಿದರೆ ಬ್ಯಾಟರಿಯ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ಬೆಳ್ಳೂರು ಕ್ರಾಸಿನಲ್ಲಿ ಕಾಫಿ ಕುಡಿಯುವಾಗ ಇಪ್ಪತ್ತೇಳು ಪರ್ಸೆಂಟ್. ಹಿರಿಸಾವೆ ಹತ್ತಿರ ಬಂದಾಗ ಹದಿನಾಲ್ಕು.

ಮೊಬೈಲ್ ತೋರಿಸಿದ ಹೋಟೆಲಿನ ಮುಂದೆ ಚಾರ್ಜರ್ ಏನೋ ಇತ್ತು. ದ್ವಿಚಕ್ರ ಗಾಡಿಗೆ ಸಿಕ್ಕಿಸುವ ಗನ್ನಿನ ಮೇಲೆ ಯಾರೋ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು, ಚೀಲದ ಮೇಲೆ ಧೂಳು ಕೂತಿತ್ತು. ಪಕ್ಕದ ಕಾರಿನ ಗನ್ ಮಾತ್ರ ಹಸಿರು ದೀಪ ಹಚ್ಚಿಕೊಂಡು ನಿಂತಿತ್ತು. ಅದು ನನಗೆ ಉಪಯೋಗವಿಲ್ಲ. ಕಾರಿನ ಬ್ಯಾಟರಿ ಸಾಮಾನ್ಯವಾಗಿ ಮುನ್ನೂರು ನಾನ್ನೂರು ವೋಲ್ಟಿನದು, ನನ್ನದು ಅರವತ್ತರ ಆಸುಪಾಸು. ಅಷ್ಟು ಕೆಳಕ್ಕೆ ಆ ಯಂತ್ರ ಇಳಿಯುವುದೇ ಇಲ್ಲ. 2023ರಲ್ಲಿ ದೇಶದ ಮಾನಕ ಸಂಸ್ಥೆ ಬಿಐಎಸ್, ಬೆಂಗಳೂರಿನ ಏಥರ್ ಕಂಪನಿ ರೂಪಿಸಿದ ಕನೆಕ್ಟರನ್ನು ಹಗುರ ವಾಹನಗಳ ಮಾನಕವೆಂದು ಒಪ್ಪಿಕೊಂಡಿತು. ಆದರೆ ಎಲ್ಲರೂ ಅದನ್ನೇ ಹಾಕಬೇಕೆಂಬ ಕಟ್ಟಳೆಯಿಲ್ಲ. ನನ್ನ ಬೈಕಿನ ಬಾಯಿ ಬೇರೆ ಆಕಾರದ್ದು.

ವೋಲ್ಟೇಜ್ ಕಡಿಮೆ ಇರುವುದೇ ಬೈಕಿನ ಮೊದಲ ಕಷ್ಟ. ಅರವತ್ತು ವೋಲ್ಟಿನಲ್ಲಿ ಆರು ಕಿಲೋವ್ಯಾಟ್ ತುಂಬಬೇಕಾದರೆ ನೂರು ಆಂಪಿಯರ್ ಹರಿಯಬೇಕು. ಕರೆಂಟು ಎರಡರಷ್ಟಾದರೆ ಕಾವು ನಾಲ್ಕರಷ್ಟು. ಕಾರಿನ ಹೊಟ್ಟೆಯಡಿ ನೀರು ಹರಿಸಿ ತಣಿಸಲು ಜಾಗವಿದೆ, ನನ್ನ ತೊಡೆಗಳ ನಡುವೆ ಎಲ್ಲಿದೆ? ಗಾಳಿಯೇ ಗತಿ. ಚಾರ್ಜಿಗೆ ನಿಂತ ಬೈಕಿಗೆ ಆ ಗಾಳಿಯೂ ಇಲ್ಲ.

ರಸ್ತೆಯಾಚೆ ಒಂದು ಹಿಟ್ಟಿನ ಗಿರಣಿ. ಕಣ್ಣುರೆಪ್ಪೆಗೂ ಹಿಟ್ಟು ಮೆತ್ತಿಕೊಂಡಿದ್ದ ಯಜಮಾನರನ್ನು ಹದಿನೈದು ಆಂಪಿಯರಿನ ಪ್ಲಗ್ ಇದೆಯೇ ಎಂದು ಕೇಳಿದೆ. "ಇದೆ ಸ್ವಾಮಿ, ಗಾಡಿ ಒಳಗೆ ತನ್ನಿ, ಬಿಸಿಲು" ಎಂದರು. ಚೀಲದಿಂದ ಚಾರ್ಜರ್ ಎಳೆದು ಸಿಕ್ಕಿಸಿದೆ. ಬೈಕು ಕರೆಂಟು ಮುಟ್ಟಲಿಲ್ಲ. ಪರದೆಯ ಮೇಲೆ ಕೆಂಪು ಥರ್ಮಾಮೀಟರ್, 51 ಡಿಗ್ರಿ.

"ಏನಂತೆ?"

"ಬ್ಯಾಟರಿ ಕಾದಿದೆ. ಆರುವವರೆಗೆ ತೆಗೆದುಕೊಳ್ಳುವುದಿಲ್ಲ."

ಅವರಿಗೆ ಆಶ್ಚರ್ಯವೇ ಆಗಲಿಲ್ಲ. ರಾಗಿ ಬೀಳುತ್ತಿದ್ದ ಡಬ್ಬದ ಬಾಯಿಯನ್ನು ಅರ್ಧ ಮುಚ್ಚಿ, ಕೆಳಗೆ ಬೀಳುತ್ತಿದ್ದ ಹಿಟ್ಟನ್ನು ನನ್ನ ಅಂಗೈಗೆ ಹಾಕಿದರು. ಬೆಚ್ಚಗಿತ್ತು. "ಜನ ಬೇಗ ಬೇಗ ಅನ್ನುತ್ತಾರೆ. ಜೋರಾಗಿ ಬಿಟ್ಟರೆ ಕಲ್ಲು ಕಾಯುತ್ತದೆ, ಹಿಟ್ಟು ಸೀದ ವಾಸನೆ ಹೊಡೆಯುತ್ತದೆ. ಆ ಹಿಟ್ಟಿನಲ್ಲಿ ಮುದ್ದೆ ಕಟ್ಟಿದರೆ ನಾಳೆ ಬಂದು ನನ್ನನ್ನು ಬಯ್ಯುತ್ತಾರೆ."

ನಾನು ಲಿಥಿಯಂ ಪುರಾಣ ಶುರುಮಾಡಿದೆ. ಚಾರ್ಜ್ ಆಗುವಾಗ ಲಿಥಿಯಂ ಕಣಗಳು ಗ್ರ್ಯಾಫೈಟಿನ ಪದರಗಳ ಸಂದಿಗೆ ಹೋಗಿ ಕೂರಬೇಕು. ಖಾಲಿ ಇರುವಾಗ ಮದುವೆ ಮನೆಯ ಮೊದಲ ಪಂಕ್ತಿಯ ಹಾಗೆ ಸರಸರ ಕೂರುತ್ತವೆ. ಎಂಬತ್ತು ಪರ್ಸೆಂಟ್ ದಾಟಿದ ಮೇಲೆ ಎಲೆ ಹುಡುಕಬೇಕು. ಆಗಲೂ ನೂಕಿದರೆ ಒಳಗೆ ಹೋಗಲಾರದವು ಬಾಗಿಲಲ್ಲೇ ಲೋಹವಾಗಿ ಅಂಟಿಕೊಂಡುಬಿಡುತ್ತವೆ; ಅಷ್ಟು ಸಾಮರ್ಥ್ಯ ಹೋದ ಹಾಗೆಯೇ, ಆ ಲೋಹ ಬೆಳೆದು ಒಳಗೇ ಶಾರ್ಟ್ ಆಗುವ ಅಪಾಯ ಬೇರೆ. ಅದಕ್ಕೇ ಕೊನೆಯ ಇಪ್ಪತ್ತಕ್ಕೆ ಚಾರ್ಜರ್ ತಾನಾಗಿ ಕೈ ಬಿಗಿ ಹಿಡಿಯುತ್ತದೆ. "ಇಷ್ಟು ನಿಮಿಷದಲ್ಲಿ ಎಂಬತ್ತು" ಎಂಬ ಜಾಹೀರಾತುಗಳು ಎಂಬತ್ತಕ್ಕೇ ನಿಲ್ಲುವ ಗುಟ್ಟೂ ಇದೇ. ಯಜಮಾನರು ಅರ್ಧಕ್ಕೇ ಎದ್ದು ಗಿರಾಕಿಯ ಗೋಧಿ ತೂಗಲು ಹೋದರು.

ಇಪ್ಪತ್ತು ನಿಮಿಷದ ಮೇಲೆ ಕೆಂಪು ಗುರುತು ಆರಿತು, ಚಾರ್ಜರಿನ ಫ್ಯಾನು ಗುಂಯ್ ಎಂದಿತು. ಮೂರು ಕಿಲೋವ್ಯಾಟ್ ಕೂಡ ಇಲ್ಲ. ಪರ್ಸೆಂಟ್ ಒಂದೊಂದಾಗಿ ಏರುವುದನ್ನು ನೋಡುತ್ತಾ, ಎದುರಿನ ಬಂಕಿನಲ್ಲಿ ಸ್ಪ್ಲೆಂಡರುಗಳು ಬಂದು ಹೋಗುವುದನ್ನು ಎಣಿಸಿದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ಟಿನಷ್ಟು ಶಕ್ತಿಯಿದೆ. ಎಂಜಿನ್ ಅದರ ಮುಕ್ಕಾಲು ಪಾಲನ್ನು ಕಾವಾಗಿ ಚೆಲ್ಲುತ್ತದೆ, ನಿಜ. ಆದರೂ ಐದು ಲೀಟರ್ ಹಾಕಿಸಿಕೊಂಡವನು ಒಂದೇ ನಿಮಿಷದಲ್ಲಿ ನಲವತ್ತೈದು ಯೂನಿಟ್ ತುಂಬಿಸಿಕೊಂಡು ಹೋದ. ನಾನು ಐದಕ್ಕೆ ಎರಡು ಗಂಟೆ ಹಿಟ್ಟು ಉಸಿರಾಡುತ್ತಾ ಕೂತೆ. ಹೊಟ್ಟೆಯುರಿಯಲಿಲ್ಲ ಎಂದರೆ ಸುಳ್ಳಾದೀತು.

ಅರವತ್ತಕ್ಕೆ ಬಂದಾಗ ಪ್ಲಗ್ ಕಿತ್ತೆ. ನಿಧಾನಕ್ಕೆ ಹೋದರೆ ಹಾಸನಕ್ಕೆ ಸಾಕು. ಎಷ್ಟು ಕೊಡಲಿ ಎಂದಾಗ ಯಜಮಾನರು ತಕ್ಕಡಿ ನೋಡಿದರು, ಬೈಕು ನೋಡಿದರು. "ಇಲ್ಲಿ ಕೆ.ಜಿ. ಲೆಕ್ಕ ಸ್ವಾಮಿ. ನಿಮ್ಮದು ಎಷ್ಟು ತೂಗುತ್ತದೆ?"

ಇನ್ನೂರು ಕೆ.ಜಿ.ಯ ಮೇಲಿದೆ ಎಂದೆ. ನಕ್ಕು, ಹತ್ತು ಕೆ.ಜಿ. ರಾಗಿಯ ಬೀಸುವ ಕೂಲಿ ಇಸಿದುಕೊಂಡರು.