ಇಡೀ ಮಂದೆಗೆ ಜಂತಿನ ಔಷಧಿ ಕುಡಿಸುವ ಮುಂಚೆ

ಮಳೆ ಬಿತ್ತು ಅಂದರೆ ಶಿರಾ ಕಡೆಯ ಕುರಿಗಾಹಿಗಳು ನಮ್ಮ ಪಶು ಆಸ್ಪತ್ರೆಗೆ ಬಂದು ಕೇಳುವುದು ಒಂದೇ. "ಡಾಕ್ಟ್ರಮ್ಮ, ಜಂತಿನ ಔಷಧಿ ಕೊಡಿ. ಇಡೀ ಮಂದೆಗೆ ಕುಡಿಸ್ಬೇಕು." ಅವರ ಆತಂಕ ನಿಜವಾದದ್ದೇ. ಕೆರೆ ಅಂಗಳದಲ್ಲಿ ಹಸಿ ಹುಲ್ಲು ಚಿಗುರಿದ ಮೇಲೇ ಕುರಿಗಳು ಗದ್ದ ಊದಿಸಿಕೊಂಡು ಸಾಯುವುದು ಜಾಸ್ತಿ. ಆದರೂ ಈ ಕೆಲಸ ನನಗೆ ಕಲಿಸಿದ್ದು ಬೇರೆಯೇ. ವರ್ಷವಿಡೀ ಹುಳವನ್ನು ಹಿಡಿತದಲ್ಲಿ ಇಡುವುದು ಕುರಿಯ ಮೈಯ ಶಕ್ತಿ. ಔಷಧಿ ಅದಕ್ಕೆ ಆಸರೆ ಅಷ್ಟೇ.

ಇಲ್ಲಿ ನಮಗೆ ಮುಖ್ಯವಾಗಿ ಕಾಟ ಕೊಡುವ ಹುಳ ಹಿಮಾಂಕಸ್. ಸತ್ತ ಕುರಿಯನ್ನು ಕೊಯ್ದು ನಾಲ್ಕನೇ ಹೊಟ್ಟೆ ಬಿಡಿಸಿದರೆ ಬರಿಗಣ್ಣಿಗೇ ಕಾಣುತ್ತದೆ. ಹೆಣ್ಣು ಹುಳ 2ರಿಂದ 3 ಸೆಂಟಿಮೀಟರ್ ಉದ್ದ, ಕೆಂಪು ಬಿಳಿ ದಾರ ಸೇರಿಸಿ ಹೊಸೆದ ಹಾಗೆ. ಕೆಂಪು ಅದು ಕುಡಿದ ರಕ್ತ, ಬಿಳಿ ಅದರ ಗರ್ಭ. ಒಂದು ಹುಳ ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕಳೆಯುತ್ತದೆ. ಸಾವಿರ ಹುಳ ಇದ್ದರೆ 50 ಮಿಲಿ ಆಯಿತು. 25 ಕೆಜಿ ಕುರಿಯ ಮೈಯಲ್ಲಿ ಇರುವುದೇ ಸುಮಾರು ಒಂದೂವರೆ ಲೀಟರ್ ರಕ್ತ. ಎಷ್ಟು ದಿನ ತಡೆದೀತು?

ಹಿಕ್ಕೆಯನ್ನು ಉಪ್ಪು ನೀರಲ್ಲಿ ಕದಡಿ, ಸೋಸಿ, ಮೈಕ್ರೋಸ್ಕೋಪಿನಲ್ಲಿ ಮೊಟ್ಟೆ ಎಣಿಸುವಾಗ ಒಂದು ವಿಷಯ ಮತ್ತೆ ಮತ್ತೆ ಕಂಡಿದೆ. ಒಂದೇ ರೊಪ್ಪದ ಕುರಿಗಳು. ಮೇಯುವ ಹುಲ್ಲು, ಕುಡಿಯುವ ನೀರು ಎಲ್ಲಾ ಒಂದೇ. ಹಾಗಿದ್ದರೂ ಮಂದೆಯ ಹೆಚ್ಚಿನ ಮೊಟ್ಟೆಗಳು ಬರುವುದು ಕೆಲವೇ ಕುರಿಗಳಿಂದ. ಉಳಿದವಕ್ಕೂ ಹುಳ ಹೊಕ್ಕಿರುತ್ತದೆ, ಆದರೆ ಅವು ತಡೆದುಕೊಂಡಿರುತ್ತವೆ.

ಹೇಗೆ ತಡೆಯುತ್ತವೆ? ಹಿಕ್ಕೆಯಲ್ಲಿ ಬಿದ್ದ ಮೊಟ್ಟೆಯೊಡೆದು ಬಂದ ಮರಿಹುಳ ಹುಲ್ಲಿನ ಜೊತೆ ಒಳಗೆ ಹೋಗಿ ಹೊಟ್ಟೆಯ ಒಳಪದರಕ್ಕೆ ಸೇರಿಕೊಂಡಾಗ ಕುರಿಯ ದೇಹ ಅದನ್ನು ಗುರುತಿಸುತ್ತದೆ. ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು, ಮಾಸ್ಟ್ ಎಂಬ ರಕ್ಷಣಾ ಕೋಶಗಳು, ಐಜಿಎ ಮತ್ತು ಐಜಿಇ ಎಂಬ ಆ್ಯಂಟಿಬಾಡಿಗಳು (ದೇಹವೇ ತಯಾರಿಸುವ ರಕ್ಷಕ ಪ್ರೋಟೀನ್‌ಗಳು) ಅಲ್ಲಿ ಸೇರುತ್ತವೆ. ಲೋಳೆ ಜಾಸ್ತಿಯಾಗುತ್ತದೆ. ಹೊಸದಾಗಿ ಬಂದ ಎಷ್ಟೋ ಮರಿಹುಳಗಳು ನೆಲೆ ನಿಲ್ಲದೆ ಹೊರಗೆ ಹೋಗುತ್ತವೆ. ಉಳಿದ ಹೆಣ್ಣು ಹುಳಗಳೂ ಸರಿಯಾಗಿ ಬೆಳೆಯುವುದಿಲ್ಲ, ಮೊಟ್ಟೆ ಕಡಿಮೆ ಇಡುತ್ತವೆ. ಅಡ್ಡಿ ಇಲ್ಲದಿದ್ದರೆ ಒಂದು ಹೆಣ್ಣು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡಬಲ್ಲದು. ಮೊಟ್ಟೆ ಕಡಿಮೆಯಾದರೆ ಹುಲ್ಲಿನ ಮೇಲಿನ ಮರಿಹುಳವೂ ಕಡಿಮೆ, ಅಲ್ವಾ?

ಹುಳವೂ ಸುಮ್ನೆ ಕೂರುವುದಿಲ್ಲ. ಅದು ಬಿಡುವ ಕೆಲವು ಪ್ರೋಟೀನ್‌ಗಳು ಕುರಿಯ ರೋಗನಿರೋಧಕ ಶಕ್ತಿಯನ್ನೇ ಮಂದ ಮಾಡುತ್ತವೆ. ಹೊರಗೆ ಕಾಲ ಸರಿಯಿಲ್ಲದಿದ್ದರೆ ಮರಿಹುಳ ಹೊಟ್ಟೆಯ ಒಳಪದರದಲ್ಲೇ ಬೆಳವಣಿಗೆ ನಿಲ್ಲಿಸಿಕೊಂಡು ತಿಂಗಳುಗಟ್ಟಲೆ ಕಾಯುತ್ತದೆ.

ಅದಕ್ಕೆ ಒಳ್ಳೆಯ ಅವಕಾಶ ಸಿಗುವುದು ಕುರಿ ಈಯುವ ಸಮಯದಲ್ಲಿ. ಈಯುವ ಒಂದೆರಡು ವಾರ ಮುಂಚಿನಿಂದ ಹಾಲೂಡಿಸುವ ಮೊದಲ ವಾರಗಳವರೆಗೆ ತಾಯಿಯ ತಡೆಯುವ ಶಕ್ತಿ ಕುಗ್ಗುತ್ತದೆ. ತಿಂದ ಪ್ರೋಟೀನ್ ಮೊದಲು ಗರ್ಭಕ್ಕೆ, ಆಮೇಲೆ ಹಾಲಿಗೆ ಹೋಗುತ್ತದೆ. ಹಿಕ್ಕೆಯಲ್ಲಿ ಮೊಟ್ಟೆ ಒಮ್ಮೆಲೇ ಏರುತ್ತದೆ. ಆ ಮೊಟ್ಟೆಯಿಂದ ಬಂದ ಮರಿಹುಳ ಹುಲ್ಲಿಗೆ ಹತ್ತುವ ಹೊತ್ತಿಗೆ ಕುರಿಮರಿ ಹುಲ್ಲಿಗೆ ಬಾಯಿ ಹಾಕಲು ಶುರು ಮಾಡಿರುತ್ತದೆ. ಅದಕ್ಕೋ ಇನ್ನೂ ತಡೆಯುವ ಶಕ್ತಿ ಬಂದಿರುವುದಿಲ್ಲ. ಎಳೆ ಮರಿಗಳು ಬಿಳಿಚಿಕೊಂಡು ಬೀಳುವುದನ್ನು ನೋಡಿದಾಗ ಈಗಲೂ ಸಂಕಟವಾಗುತ್ತದೆ. ಅದನ್ನು ತಪ್ಪಿಸಬಹುದು ಅಂತ ಗೊತ್ತಿರುವುದರಿಂದಲೇ ಆ ಸಂಕಟ.

ಹಾಗಾಗಿ ಗಬ್ಬದ ಕುರಿಗೆ ಕೊನೆಯ ತಿಂಗಳಲ್ಲಿ ದಿನಾ ಒಂದಿಷ್ಟು ಕಡ್ಲೆಕಾಯಿ ಹಿಂಡಿ ಕೊಡಿ ಅಂತ ನಾನು ಬಿಡದೆ ಹೇಳುತ್ತೇನೆ. "ಹಿಂಡಿ ಬೆಲೆ ಗೊತ್ತೇನಮ್ಮ ನಿಮ್ಗೆ?" ಅಂದರು ಒಬ್ಬ ಹಿರಿಯರು. "ಗೊತ್ತು ಯಜಮಾನ್ರೇ. ಎಲ್ಲಾ ಕುರಿಗೂ ಬೇಡ, ಈಯೋವಕ್ಕೆ ಮಾತ್ರ ಹಾಕಿ" ಅಂದೆ. ಅಗಸೆ ಸೊಪ್ಪು, ಸುಬಾಬುಲ್ ಸೊಪ್ಪು ಇದ್ದವರು ಅದನ್ನೂ ಸ್ವಲ್ಪ ಬೆರೆಸಬಹುದು.

ಇನ್ನು ಔಷಧಿ. ದೊಡ್ಡ ಕುರಿಗಳಲ್ಲಿ ನಾನು ಮೊದಲು ಕಣ್ಣು ನೋಡುತ್ತೇನೆ. ಬಿಸಿಲಿಗೆ ನಿಲ್ಲಿಸಿ, ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆ ಮೆಲ್ಲಗೆ ಒತ್ತಿ, ಇನ್ನೊಂದರಿಂದ ಕೆಳಗಿನ ರೆಪ್ಪೆ ಎಳೆದರೆ ಒಳಚರ್ಮ ಕಾಣುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದ ಫಮಾಚಾ ಕಾರ್ಡಿನಲ್ಲಿ ಇದಕ್ಕೆ ಐದು ಬಣ್ಣಗಳಿವೆ. ಕೆಂಪಗಿದ್ದರೆ ಬಿಡಿ. ಬಿಳಿಚಿದ್ದರೆ ತೂಕಕ್ಕೆ ತಕ್ಕಷ್ಟು ಔಷಧಿ ಕುಡಿಸಿ. ಉಣ್ಣಿ (ಉಣುಗು) ಕಚ್ಚಿದರೂ, ಪಿತ್ತಜನಕಾಂಗದ (ಲಿವರ್) ಹುಳ ಇದ್ದರೂ ಕಣ್ಣು ಬಿಳಿಚುತ್ತದೆ. ಅನುಮಾನ ಬಂದರೆ ಹಿಕ್ಕೆ ತಂದು ತೋರಿಸಿ.

ಎಲ್ಲಕ್ಕೂ ಒಟ್ಟಿಗೆ ಕುಡಿಸಿದರೆ ಏನು ನಷ್ಟ? ಔಷಧಿಗೆ ಸಾಯದ ಹುಳ ಮಾತ್ರ ಉಳಿಯುತ್ತದೆ, ಅದರ ಸಂತತಿಯೇ ಹಬ್ಬುತ್ತದೆ. ಕೆಲವು ಕುರಿಗಳಿಗೆ ಕುಡಿಸದೆ ಬಿಟ್ಟರೆ ಅವುಗಳಲ್ಲಿ ಔಷಧಿಗೆ ಬಗ್ಗುವ ಹುಳ ಉಳಿದು ಮತ್ತೆ ಬೆರೆಯುತ್ತದೆ.

ತಡೆಯುವ ಶಕ್ತಿ ಸ್ವಲ್ಪ ಮಟ್ಟಿಗೆ ವಂಶದಿಂದಲೂ ಬರುತ್ತದೆ. ಯಾವ ಕುರಿಗೆ ಪದೇ ಪದೇ ಔಷಧಿ ಬೇಕಾಯಿತು ಅಂತ ಕಿವಿಗೆ ಗುರುತು ಹಾಕಿಡಿ. ಬೀಜದ ಟಗರು ಆರಿಸುವಾಗ ಮೈಕಟ್ಟಿನ ಜೊತೆಗೆ ಅದರ ತಾಯಿಯ ಕಿವಿಯನ್ನೂ ನೋಡಿ.