ಸುತ್ತುವವರೇ ಬೇಯಿಸಬೇಕು

ಕ್ರಿಸ್‌ಮಸ್‌ ಕಾಲದ ಚಾಕೊಲೇಟ್ ರೋಲ್ ಕೇಕ್ ಬಿರುಕು ಬಿಟ್ಟಾಗ ಅಡುಗೆಮನೆಯಲ್ಲಿರುವ ಎಲ್ಲರ ಕಣ್ಣೂ ಅದನ್ನು ಸುತ್ತಿದವರ ಕೈ ಮೇಲೆ ಹೋಗುತ್ತದೆ. ಬಿರುಕು ಕಾಣಿಸಿಕೊಳ್ಳುವುದು ಆ ಕೈಯಲ್ಲೇ, ನಿಜ. ಹುಟ್ಟುವುದು ಮಾತ್ರ ಅದಕ್ಕಿಂತ ಬಹಳ ಮೊದಲು. ಮೊಟ್ಟೆ ನೊರೆಯೇಳುವಾಗ, ಹಿಟ್ಟನ್ನು ಟ್ರೇಯ ಮೂಲೆಗೆ ಹರಡುವಾಗ, ಓವನ್ ಬಾಗಿಲು ಒಂದು ನಿಮಿಷ ತಡವಾಗಿ ತೆರೆದಾಗ. ಬೆಂಗಳೂರಿನ ಬೇಕರಿಯೊಂದರಲ್ಲಿ ಕೇಕ್ ವಿಭಾಗ ನೋಡಿಕೊಳ್ಳುವ ನನಗೆ ಇದು ಮನದಟ್ಟಾದ ಮೇಲೆ ಡಿಸೆಂಬರ್ ತಿಂಗಳಲ್ಲಿ ಕೆಲಸ ಹಂಚುವ ರೀತಿಯೇ ಬದಲಾಯಿತು.

ನಮ್ಮಲ್ಲಿ ಇದನ್ನು ಯೂಲ್ ಲಾಗ್ ಎನ್ನುತ್ತಾರೆ. ಆರ್ಡರ್ ಪುಸ್ತಕದಲ್ಲಿ ಬರೀ ಲಾಗ್, ಅಂದರೆ ದಿಮ್ಮಿ. ತವರು ಫ್ರಾನ್ಸ್, ಅಲ್ಲಿನ ಹೆಸರು ಬುಷ್ ದ ನೊಯೆಲ್. ಕ್ರಿಸ್‌ಮಸ್‌ ಹಿಂದಿನ ರಾತ್ರಿ ಒಲೆಗೆ ದೊಡ್ಡ ಮರದ ದಿಮ್ಮಿ ಹಾಕಿ ಉರಿಸುವ ಪದ್ಧತಿ ಯುರೋಪಿನ ಹಲವು ಕಡೆ ಇತ್ತು. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ ಹಣ್ಣಿನ ಮರದ ದಿಮ್ಮಿಯನ್ನು ಮನೆಯ ಹಿರಿಯರೂ ಎಲ್ಲರಿಗಿಂತ ಕಿರಿಯ ಮಗುವೂ ಹಿಡಿದು ಊಟದ ಮೇಜಿಗೆ ಮೂರು ಸುತ್ತು ಬಂದು, ಮೂರು ಸಲ ವೈನ್ ಎರೆದು ಬೆಂಕಿಗೆ ಇಡುತ್ತಿದ್ದರು. 19ನೇ ಶತಮಾನದ ಕೊನೆಯ ಹೊತ್ತಿಗೆ ಆ ದಿಮ್ಮಿ ಅಲ್ಲಿನ ಕೇಕ್ ಅಂಗಡಿಗಳನ್ನೂ ಸೇರಿತು. ತೆಳ್ಳನೆಯ ಸ್ಪಾಂಜ್ ಹಾಳೆ, ಒಳಗೆ ಕ್ರೀಂ, ಮೇಲೆ ಚಾಕೊಲೇಟಿನ ತೊಗಟೆ. ರೂಪ ನಮಗೆ ಹೊಸದಾದರೂ ಕೈಗೆಲಸ ಹೊಸದಲ್ಲ. ಕರ್ನಾಟಕದ ಬೇಕರಿಗಳ ಗಾಜಿನ ಕಪಾಟಿನಲ್ಲಿ ಜಾಮ್ ರೋಲ್ ಬಹಳ ಹಿಂದಿನಿಂದ ಇದೆ. ಅದನ್ನು ಸುತ್ತಿ ಪಳಗಿದವರಿಗೆ ಲಾಗ್ ಅರ್ಧ ಬಂದಂತೆಯೇ. ಉಳಿದರ್ಧ ಕೋಕೋ ಪುಡಿ ತರುವ ತೊಡಕು.

ಡಿಸೆಂಬರ್‌ನಲ್ಲಿ ಬೇಕರಿಯ ಮನಸ್ಸೆಲ್ಲ ಪ್ಲಮ್ ಕೇಕಿನ ಮೇಲಿರುತ್ತದೆ. ಒಣದ್ರಾಕ್ಷಿ, ಚೆರ್ರಿ, ಕಿತ್ತಳೆ ಸಿಪ್ಪೆಗಳು ತಿಂಗಳುಗಟ್ಟಲೆ ರಮ್ಮಿನಲ್ಲಿ ನೆನೆದಿರುತ್ತವೆ. ಬೆಂದ ಕೇಕ್ ವಾರಗಳ ಕಾಲ ಕೆಡದೆ ಉಳಿಯುತ್ತದೆ, ದಿನ ಕಳೆದಷ್ಟೂ ರುಚಿ ಏರುತ್ತದೆ. ಅದನ್ನು ಡಿಸೆಂಬರ್ ಮೊದಲ ವಾರದಲ್ಲೇ ಮಾಡಿ ಜೋಡಿಸಿಡಬಹುದು. ಲಾಗ್‌ಗೆ ಆ ಸೌಕರ್ಯವಿಲ್ಲ. ಒಳಗಿರುವುದು ತಾಜಾ ಕ್ರೀಂ, ಹಾಳೆಯೋ ತೆಳ್ಳಗಿದ್ದು ಬೇಗ ಒಣಗುವಂಥದ್ದು. 23 ಮತ್ತು 24ರಂದು ಮಾಡಿ 24ರ ಸಂಜೆಯೊಳಗೆ ಕೊಟ್ಟುಬಿಡಬೇಕು. ಫ್ರೇಜರ್ ಟೌನ್, ಕಾಕ್ಸ್ ಟೌನ್, ಕುಕ್ ಟೌನ್ ಕಡೆಯ ಮನೆಗಳವರು ರಾತ್ರಿ ಪೂಜೆಗೆ ಹೊರಡುವ ಮುನ್ನವೇ ಪೆಟ್ಟಿಗೆ ಒಯ್ಯಲು ಬರುತ್ತಾರೆ. ಇಷ್ಟು ಕೆಲಸ ಎರಡೇ ದಿನದಲ್ಲಿ ಮುಗಿಯಬೇಕೆಂದರೆ ಯಾವ ಅಡುಗೆಮನೆಗೂ ತಕ್ಷಣ ಹೊಳೆಯುವ ಉಪಾಯ ಸಾಲುಗೆಲಸ. ಒಬ್ಬರು ಮೊಟ್ಟೆ ಬೀಟ್ ಮಾಡುವುದು, ಇನ್ನೊಬ್ಬರು ಮೈದಾ ಬೆರೆಸಿ ಟ್ರೇಗೆ ಸುರಿಯುವುದು, ಮತ್ತೊಬ್ಬರು ಓವನ್, ಕೊನೆಯವರು ಸುತ್ತುವುದು.

ಪ್ಲಮ್ ಕೇಕಿಗೆ ಇದು ಚೆನ್ನಾಗಿಯೇ ಒಗ್ಗುತ್ತದೆ. ಪಫ್‌ಗೂ ಬನ್ನಿಗೂ ಸರಿ. ಲಾಗ್‌ಗೆ ಸರಿಯಲ್ಲ. ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಹಳೆಯ ಮಾಸ್ಟರ್. ಮಂಗಳೂರಿನ ಬೇಕರಿಗಳಲ್ಲಿ ಪಳಗಿ ಬಂದವರು, ಮಾತು ಕಡಿಮೆ. "ಹಾಳೆ ಮುರಿದರೆ ಸುತ್ತಿದವರನ್ನು ಬಯ್ಯಬೇಡ. ಓವನ್ ಮುಂದೆ ಯಾರಿದ್ದರು ಎಂದು ಕೇಳು" ಎನ್ನುತ್ತಿದ್ದರು. ಅವರು ನಿವೃತ್ತರಾಗಿ ಊರಿಗೆ ಹೋದ ಮೇಲೆ ವಿಭಾಗದ ಜವಾಬ್ದಾರಿ ನನ್ನ ಮೇಲೆ ಬಂತು. ಆಗ ಅವರ ಮಾತನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದೆ. ಓವನ್ ಮುಂದೆ ನಿಂತವರಿಗೆ ತಾವು ತೆಗೆದ ಹಾಳೆ ಮುಂದೆ ಏನಾಯಿತೆಂದು ಗೊತ್ತಾಗುವುದೇ ಇಲ್ಲ. ಅವರು ಆಗಲೇ ಮುಂದಿನ ಟ್ರೇಯಲ್ಲಿರುತ್ತಾರೆ. ಸುತ್ತುವವರಿಗೆ ಹಾಳೆ ಒಣಗಿದೆ ಎಂದು ಕೈಗೆ ತಿಳಿಯುತ್ತದೆ, ಆದರೆ ಆ ಸುದ್ದಿ ಹಿಂದಕ್ಕೆ ಹೋಗುವುದಿಲ್ಲ. ಗದ್ದಲದಲ್ಲಿ ಯಾರೂ ಯಾರನ್ನೂ ಕರೆದು ಹೇಳುವುದಿಲ್ಲ. ಹಾಗಾಗಿ ಅದೇ ಒಂದು ನಿಮಿಷದ ತಡ ಇಡೀ ಸಂಜೆ ಎಲ್ಲ ಟ್ರೇಗಳಲ್ಲೂ ಮರುಕಳಿಸುತ್ತದೆ.

ಈಗ ನಮ್ಮಲ್ಲಿ ಲಾಗ್ ಕೆಲಸ ಇಬ್ಬಿಬ್ಬರ ಜೋಡಿಗೆ. ಮೊಟ್ಟೆ ಒಡೆಯುವುದರಿಂದ ಹಿಡಿದು ಸುತ್ತಿ ಫ್ರಿಜ್‌ಗೆ ಇಡುವ ತನಕ ಆ ಟ್ರೇ ಅವರದೇ. ಬಟರ್ ಪೇಪರಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಹೆಸರಿನ ಮೊದಲಕ್ಷರ, ಓವನ್‌ಗೆ ಹೋದ ಹೊತ್ತು, ಹೊರಬಂದ ಹೊತ್ತು ಬರೆಯುತ್ತಾರೆ. ಬರೆದದ್ದನ್ನು ನಾನು ತಪಾಸಣೆ ಮಾಡುವುದಿಲ್ಲ, ಅದು ಅವರಿಗೇ ಬೇಕು. ಸುತ್ತಿ ಮುಗಿಸಿ ಕಾಗದ ಬಿಡಿಸುವಾಗ ಆ ಅಂಕಿ ಕಣ್ಣೆದುರಿಗಿರುತ್ತದೆ, ಹಾಳೆ ಹೇಗೆ ಬಾಗಿತೆಂಬುದು ಬೆರಳಲ್ಲಿರುತ್ತದೆ. ಎರಡೂ ಒಬ್ಬರಲ್ಲೇ ಸೇರಿದರೆ ಮುಂದಿನ ಟ್ರೇಯನ್ನು ತಾವಾಗಿಯೇ ತಿದ್ದಿಕೊಳ್ಳುತ್ತಾರೆ. ನಾನು ಬಾಯಿ ಬಿಡಬೇಕಾಗಿಯೇ ಇಲ್ಲ.

ಮಾಲೀಕರು ಮೊದಲು ಒಪ್ಪಲಿಲ್ಲ. ಗಂಟೆಗೆ ಬರುವ ಟ್ರೇಗಳ ಸಂಖ್ಯೆ ಇಳಿಯುತ್ತದೆ ಎಂದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಜೋಡಿಗೆಲಸ ಸಾಲುಗೆಲಸದಷ್ಟು ಚುರುಕಲ್ಲ. ನಾನು ಅವರಿಗೆ ತೋರಿಸಿದ್ದು ಬೇರೆ ಲೆಕ್ಕ: ಒಡೆದ ಹಾಳೆಗಳೆಲ್ಲ ಕಪ್ ಡೆಸರ್ಟ್‌ಗೆ ಪುಡಿಯಾಗಿ ಹೋಗುತ್ತವೆ, ಆದರೆ 24ರಂದು ಕಪ್ ಡೆಸರ್ಟ್ ಕೇಳುವವರು ಯಾರು?

ಟ್ರೇ ಹತ್ತಿರ ನಿಂತು ಹೇಳಿದರೆ ಇದೆಲ್ಲ ಇನ್ನೂ ಸ್ಪಷ್ಟವಾಗುತ್ತದೆ. 40 ಸೆಂಟಿಮೀಟರ್‌ಗೆ 60 ಸೆಂಟಿಮೀಟರ್ ಅಳತೆಯ ಒಂದು ಟ್ರೇಗೆ ನಾವು 10 ಮೊಟ್ಟೆ, 270 ಗ್ರಾಂ ಸಕ್ಕರೆ, 170 ಗ್ರಾಂ ಮೈದಾ, 60 ಗ್ರಾಂ ಕೋಕೋ ಪುಡಿ, 75 ಗ್ರಾಂ ಎಣ್ಣೆ, ಅಷ್ಟೇ ಬಿಸಿ ಹಾಲು, ಚಿಟಿಕೆ ಉಪ್ಪು ಹಾಕುತ್ತೇವೆ. ಮೊಟ್ಟೆ ಸಕ್ಕರೆಯನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು 40 ಡಿಗ್ರಿಗೆ ತಂದು ಬೀಟರ್‌ಗೆ ಹಾಕಿದರೆ ನೊರೆ ಬೇಗ ಏಳುತ್ತದೆ, ಗಟ್ಟಿಯಾಗಿ ನಿಲ್ಲುತ್ತದೆ. ಬೀಟರ್ ಎತ್ತಿದಾಗ ಕೆಳಗೆ ಬಿದ್ದ ಗೆರೆ ಏಳೆಂಟು ಸೆಕೆಂಡು ಮೇಲೆಯೇ ಉಳಿಯಬೇಕು. ಅದಕ್ಕಿಂತ ಹೆಚ್ಚು ಬೀಟ್ ಮಾಡುವ ಆಸೆ ಎಲ್ಲರಿಗೂ ಇರುತ್ತದೆ, ಉಬ್ಬಿದಷ್ಟೂ ಒಳ್ಳೆಯದು ಎಂದುಕೊಂಡು. ಬರ್ತ್‌ಡೇ ಕೇಕಿನ ಸ್ಪಾಂಜಿಗೆ ಅದು ನಡೆಯಬಹುದು. ಸುತ್ತುವ ಹಾಳೆಯಲ್ಲಿ ಅತಿಯಾದ ಗಾಳಿ ಎಂದರೆ ಬೇಗ ಒಣಗುವ, ಪುಡಿಪುಡಿಯಾಗುವ ಹಾಳೆ.

ಇನ್ನು ಕೋಕೋ. ಅದು ಮೈದಾಗಿಂತ ಹೆಚ್ಚು ನೀರು ಹೀರುತ್ತದೆ, ಜೊತೆಗೆ ಅದರಲ್ಲಿರುವ ಕೊಬ್ಬು ಮೊಟ್ಟೆಯ ನೊರೆಯನ್ನು ಇಳಿಸುತ್ತದೆ. ಆದ್ದರಿಂದ ಅದನ್ನು ಒಣಗಿದ್ದ ಹಾಗೇ ಸುರಿಯದೆ ಬಿಸಿ ಹಾಲು ಎಣ್ಣೆಯಲ್ಲಿ ಗಂಟಿಲ್ಲದೆ ಕದಡಿ, ಆ ಮಿಶ್ರಣಕ್ಕೆ ಮೊದಲು ಒಂದು ಹಿಡಿ ನೊರೆ ಬೆರೆಸಿ ಹಗುರ ಮಾಡಿಕೊಂಡು, ಆಮೇಲೆ ಅದನ್ನು ಉಳಿದ ನೊರೆಗೆ ಸೇರಿಸುತ್ತೇವೆ. ಆದರೆ ಕೋಕೋದ ಮುಖ್ಯ ತೊಡಕು ಬೇರೆಯೇ. ವೆನಿಲಾ ಸ್ಪಾಂಜ್ ಬೆಂದದ್ದನ್ನು ಬಣ್ಣವೇ ಹೇಳುತ್ತದೆ: ಅಂಚು ಹೊಂಬಣ್ಣಕ್ಕೆ ತಿರುಗಿದರೆ ಆಯಿತು. ಚಾಕೊಲೇಟ್ ಹಾಳೆ ಓವನ್‌ಗೆ ಹೋಗುವಾಗಲೇ ಕಂದು, ಬರುವಾಗಲೂ ಕಂದು. ಕಣ್ಣನ್ನು ನಂಬುವಂತಿಲ್ಲ. ಹೊಸದಾಗಿ ಸೇರಿದವರು ಬಂದು "ಅಕ್ಕಾ, ಆಯಿತೇ ನೋಡಿ" ಎಂದರೆ ನಾನು ನೋಡುವುದಿಲ್ಲ, ಅವರ ಕೈಯನ್ನೇ ಹಾಳೆಯ ನಡುವೆ ಇಡಿಸುತ್ತೇನೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಕುಳಿ ಮೇಲೇಳಬೇಕು, ಹಾಗೆಯೇ ಬೆರಳ ತುದಿಗೆ ತುಸು ಅಂಟು ತಗಲಬೇಕು. ಅಂಟು ಇಲ್ಲವಾದರೆ ಹೊತ್ತು ಮೀರಿದೆ. ಚಾಕೊಲೇಟಿನ ಘಮ ಅಡುಗೆಮನೆಯನ್ನೆಲ್ಲ ತುಂಬುವವರೆಗೆ ಕಾದರೂ ಹೊತ್ತು ಮೀರಿದೆ. ಓವನ್ ಬಾಗಿಲ ಹತ್ತಿರ ನಿಂತಾಗ ಮೊದಲ ಘಮ ಮೂಗಿಗೆ ಬಂದ ಕೂಡಲೇ ಕೈ ಸಿದ್ಧವಿರಬೇಕು.

ನಮ್ಮ ಡೆಕ್ ಓವನ್‌ನಲ್ಲಿ 200 ಡಿಗ್ರಿಗೆ 9 ನಿಮಿಷದ ಆಸುಪಾಸು. ತಳದ ಶಾಖ ಜೋರಿದ್ದರೆ ಕೆಳಗೊಂದು ಖಾಲಿ ಟ್ರೇ. ಫ್ಯಾನ್ ಇರುವ ಓವನ್‌ನಲ್ಲಿ ಗಾಳಿ ಬಡಿದು ಅಂಚು ಮೊದಲು ಒಣಗುತ್ತದೆ, ಶಾಖವನ್ನು ಹತ್ತಿಪ್ಪತ್ತು ಡಿಗ್ರಿ ಇಳಿಸಬೇಕು. ಹರಡುವಾಗ ಮೂಲೆಗಳು ತೆಳ್ಳಗಾದರೆ ಮೊದಲ ಬಿರುಕು ಅಲ್ಲಿಯೇ. ಆದ್ದರಿಂದ ಉದ್ದನೆಯ ಪ್ಯಾಲೆಟ್ ನೈಫ್‌ನಿಂದ ನಡುವಿನಿಂದ ಮೂಲೆಗೆ ತಳ್ಳಿ, ಮೂಲೆಯಲ್ಲಿ ತುಸು ಹೆಚ್ಚೇ ಬಿಡುತ್ತೇವೆ.

ಹೊರಬಂದ ಹಾಳೆಯನ್ನು ಬಿಸಿ ಟ್ರೇಯಲ್ಲಿ ಬಿಡಬಾರದು, ಅದು ಅಲ್ಲಿಯೂ ಬೇಯುತ್ತಲೇ ಇರುತ್ತದೆ. ಕಾಗದ ಸಮೇತ ಮೇಜಿಗೆಳೆದು, ಮೇಲೊಂದು ಬಟರ್ ಪೇಪರ್ ಮುಚ್ಚಿ ಬೋರಲು ಹಾಕಿ, ತಳದ ಕಾಗದ ಬಿಡಿಸಿ, ಬಿಸಿ ಆರುವ ಮೊದಲೇ ಕಾಗದದ ಜೊತೆ ಒಮ್ಮೆ ಸುತ್ತಿಡುತ್ತೇವೆ. ತಣ್ಣಗಾಗುವಾಗ ಹಾಳೆಯೊಳಗಿನ ಪಿಷ್ಟ ಬಿಗಿಯಾಗುತ್ತದೆ. ಸುರುಳಿಯಲ್ಲೇ ಬಿಗಿಯಾದರೆ ಮತ್ತೆ ಬಿಡಿಸಿ ಕ್ರೀಂ ಬಳಿದು ಸುತ್ತುವಾಗ ಅದೇ ಬಾಗಿಗೆ ಮರಳುತ್ತದೆ. ಹಾಗೆ ಮಾಡದೆ, ಹಾಳೆಗಳನ್ನು ಸಪಾಟಾಗಿ ಮುಚ್ಚಿ ತಣಿಸಿ ಆಮೇಲೆ ಸುತ್ತುವವರೂ ಇದ್ದಾರೆ. ಸರಿಯಾಗಿ ಬೆಂದು ತೇವ ಉಳಿಸಿಕೊಂಡ ಹಾಳೆಗೆ ಎರಡೂ ದಾರಿ ನಡೆಯುತ್ತದೆ, ಒಣಗಿದ ಹಾಳೆಗೆ ಎರಡೂ ನಡೆಯುವುದಿಲ್ಲ.

ಸುತ್ತುವಾಗಿನ ಗುಟ್ಟೆಲ್ಲ ಮೊದಲ ಮಡಿಕೆಯಲ್ಲಿದೆ. ಪುತ್ತೂರಿನಿಂದ ಬಂದ ಹುಡುಗಿಯೊಬ್ಬಳು ನಮ್ಮಲ್ಲಿ ಸೇರಿದ ವಾರದಲ್ಲೇ ಹಳಬರಿಗಿಂತ ಅಂದವಾಗಿ ಸುತ್ತಿದಳು. ವಿಚಾರಿಸಿದರೆ, ಮನೆಯಲ್ಲಿ ಮಳೆಗಾಲವೆಲ್ಲ ಅಜ್ಜಿಯ ಜೊತೆ ಪತ್ರೊಡೆ ಸುತ್ತಿದ ಕೈ ಅದು. ಕೆಸುವಿನೆಲೆಗೆ ಹಿಟ್ಟು ಬಳಿದು ಸುತ್ತುವಾಗ ಮೊದಲ ಮಡಿಕೆ ಸಡಿಲಾದರೆ ಇಡೀ ಸುರುಳಿ ಪೊಳ್ಳಾಗುವ ಹಾಗೆಯೇ ಇಲ್ಲೂ. ಮೊದಲ ಅರ್ಧ ಇಂಚನ್ನು ಬೆರಳಿನಿಂದ ಒತ್ತಿ ಮಡಚಿ, ಉಳಿದದ್ದನ್ನು ಕಾಗದವೇ ಎಳೆದುಕೊಂಡು ಹೋಗುವಂತೆ ಬಿಡಬೇಕು. ಕೊನೆಯ ಅಂಚಿನಲ್ಲಿ ಒಂದೂವರೆ ಇಂಚು ಕ್ರೀಂ ಬಳಿಯದೆ ಬಿಟ್ಟರೆ ಅದು ತುಂಬಿ ಹೊರಗೆ ಉಕ್ಕುವುದಿಲ್ಲ.

ಒಂದು ಕೋರಿಕೆ ಪ್ರತಿ ವರ್ಷ ಬರುತ್ತದೆ: ಸಕ್ಕರೆ ಕಡಿಮೆ ಮಾಡಿ. ಕ್ರೀಂನಲ್ಲಿ ಕಡಿಮೆ ಮಾಡುತ್ತೇನೆ, ತೊಗಟೆಗೆ ಬಳಿಯುವ ಗನಾಶ್‌ಗೆ ಹೆಚ್ಚು ಕಹಿಯ ಚಾಕೊಲೇಟ್ ಹಾಕುತ್ತೇನೆ, ಹಾಳೆಯ ಸಕ್ಕರೆ ಮಾತ್ರ ಮುಟ್ಟುವುದಿಲ್ಲ. ಅಲ್ಲಿ ಸಕ್ಕರೆ ಸಿಹಿಗಷ್ಟೇ ಇಲ್ಲ, ತೇವವನ್ನು ಹಿಡಿದಿಟ್ಟು ಹಾಳೆಯನ್ನು ಬಾಗಿಸುವುದೂ ಅದೇ. ಒಂದೆರಡು ಚಮಚದಷ್ಟು ಸಕ್ಕರೆಯ ಬದಲು ಜೇನುತುಪ್ಪ ಹಾಕಿದರೆ ಇನ್ನೂ ಒಳ್ಳೆಯದು.

ತೊಗಟೆಯ ಕೆಲಸ ನೋಡಲು ಚೆಂದ, ಮಾಡಲು ಸುಲಭ. ಸಮಪ್ರಮಾಣದ ಕ್ರೀಂ ಮತ್ತು ಡಾರ್ಕ್ ಚಾಕೊಲೇಟಿನ ಗನಾಶ್ ಬಳಿಯುವ ಹದಕ್ಕೆ ಬಂದಾಗ ಹಚ್ಚಿ, ಫೋರ್ಕ್‌ನಿಂದ ಉದ್ದಕ್ಕೆ ಗೀರಿದರೆ ಸಾಕು. ಒಂದು ತುದಿಯನ್ನು ಓರೆಯಾಗಿ ಕತ್ತರಿಸಿ ಪಕ್ಕಕ್ಕೆ ಅಂಟಿಸಿದರೆ ಕೊಂಬೆಯ ಮೋಟು. ಬೆಂಗಳೂರಿನ ಡಿಸೆಂಬರ್ ಇದಕ್ಕೆ ಅನುಕೂಲ. ಸಂಜೆಯ ತಂಪಿನಲ್ಲಿ ಗನಾಶ್ ಬೇಗ ನಿಲ್ಲುತ್ತದೆ, ಸ್ವಲ್ಪ ತಡಮಾಡಿದರೆ ಬಳಿಯಲಾಗದಷ್ಟು ಗಟ್ಟಿಯೂ ಆಗುತ್ತದೆ. ಅಲಂಕಾರಕ್ಕಿಡುವ, ಮೊಟ್ಟೆಯ ಬಿಳಿ ಮತ್ತು ಸಕ್ಕರೆಯ ನೊರೆಯನ್ನು ಒಣಗಿಸಿ ಮಾಡಿದ ಮೆರಿಂಗ್ ಅಣಬೆಗಳು ಇಲ್ಲಿಯ ಒಣ ಹವೆಯಲ್ಲಿ ಡಬ್ಬಿಯೊಳಗೆ ದಿನಗಟ್ಟಲೆ ಗರಿಗರಿಯಾಗಿರುತ್ತವೆ. ಕರಾವಳಿಯಲ್ಲಿ ಹಾಗಲ್ಲ. ಅಲ್ಲಿ ಮುಚ್ಚಳ ತೆರೆದ ಸ್ವಲ್ಪ ಹೊತ್ತಿಗೇ ಅಂಟುತ್ತವೆ. ಮಂಗಳೂರಿನವರು ಕುಸ್ವಾರಿನ, ಅಂದರೆ ಕ್ರಿಸ್‌ಮಸ್‌ ತಿಂಡಿಗಳ, ನೆವ್ರಿ, ಕಿಡಿಯೊಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಕಾಪಾಡುವಷ್ಟೇ ಜೋಪಾನ ಇದಕ್ಕೂ ಬೇಕು. ಎಲ್ಲಿಯೇ ಆದರೂ ಅಣಬೆಯನ್ನು ಪೆಟ್ಟಿಗೆ ಮುಚ್ಚುವ ಮುನ್ನ ಇಡುವುದು ಲೇಸು, ಫ್ರಿಜ್‌ನ ತೇವದಲ್ಲಿ ಅದು ಕರಗಿಹೋಗುತ್ತದೆ.

ಮೊಟ್ಟೆಯಿಲ್ಲದ ಲಾಗ್ ಕೇಳುವವರೂ ಈ ಊರಿನಲ್ಲಿ ಬಹಳ ಮಂದಿ. ಅವರನ್ನು ಬರಿಗೈಯಲ್ಲಿ ಕಳಿಸುವುದು ನನಗೆ ಇಷ್ಟವಿಲ್ಲ. ಹಾಳೆಯನ್ನು ಮುರಿಯದೆ ಬಾಗಿಸುವ ಶಕ್ತಿ ಬಹುಪಾಲು ಮೊಟ್ಟೆಯದೇ. ಕಂಡೆನ್ಸ್ಡ್ ಮಿಲ್ಕ್, ಮೊಸರು ಹಾಕಿದ ಕೇಕ್ ಮೃದುವಾಗಿರುತ್ತದೆ, ಸುತ್ತಿದರೆ ಮುರಿಯುತ್ತದೆ. ಹಾಗಾಗಿ ಸದ್ಯಕ್ಕೆ ಅದನ್ನು ಸುತ್ತುವುದಿಲ್ಲ, ಅರ್ಧ ಕೊಳವೆಯಾಕಾರದ ಉದ್ದನೆಯ ಅಚ್ಚಿನಲ್ಲಿ ಕ್ರೀಂ ಮತ್ತು ಕೇಕ್ ಪಟ್ಟಿಗಳನ್ನು ಪದರವಾಗಿ ಜೋಡಿಸಿ, ತಣಿಸಿ, ಬೋರಲು ಹಾಕಿ ತೊಗಟೆ ಬಳಿಯುತ್ತೇವೆ. ಫ್ರಾನ್ಸಿನ ಅಂಗಡಿಗಳಲ್ಲೂ ಅಚ್ಚಿನಲ್ಲಿ ಮಾಡಿದ ಲಾಗ್‌ಗಳು ಈಗ ಹೇರಳ, ಆದ್ದರಿಂದ ಇದನ್ನು ಕೊಡುವಾಗ ನನಗೆ ಸಂಕೋಚವಿಲ್ಲ; ಸುತ್ತಿದ್ದಲ್ಲ ಎಂಬುದನ್ನು ಆರ್ಡರ್ ತೆಗೆದುಕೊಳ್ಳುವಾಗಲೇ ಹೇಳಿಬಿಡುತ್ತೇವೆ. ಪುತ್ತೂರಿನ ಹುಡುಗಿಗೆ ಇಷ್ಟಕ್ಕೆ ಸಮಾಧಾನವಿಲ್ಲ. ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಮೊಟ್ಟೆಯ ಬಿಳಿಯಂತೆ ನೊರೆಯೆಬ್ಬಿಸಿ ಅದರಿಂದ ಹಾಳೆ ಮಾಡುತ್ತಿದ್ದಾಳೆ. ಅವತ್ತೇ ಸುತ್ತಿದರೆ ಬಾಗುತ್ತದೆ, ಮರುದಿನ ಕತ್ತರಿಸುವಾಗ ಉದುರುತ್ತದೆ. ಎಣ್ಣೆ ಹೆಚ್ಚಿಸಬೇಕೋ, ಶಾಖ ಇಳಿಸಬೇಕೋ ಎಂದು ಅವಳೂ ಅವಳ ಜೊತೆಗಾರನೂ ಮಧ್ಯಾಹ್ನದ ಬಿಡುವಿನಲ್ಲಿ ಒಂದೊಂದು ಸಣ್ಣ ಟ್ರೇ ಹಾಕಿ ನೋಡುತ್ತಿದ್ದಾರೆ. ಬರುವ ಡಿಸೆಂಬರ್‌ಗೆ ಕುದುರಿದರೆ ಆರ್ಡರ್ ಪುಸ್ತಕದಲ್ಲಿ ಅದಕ್ಕೊಂದು ಬೇರೆ ಕಾಲಂ ಹಾಕುತ್ತೇನೆ.